ಹೊರಗೆ ನಿಂತ ನೀರು

ನಮ್ಮ ಊರಿನ ಅಂಡರ್‌ಪಾಸಿನಲ್ಲಿ ನೀರು ನಿಂತಾಗ ಯಾರೂ ಆಕಾಶ ನೋಡುವುದಿಲ್ಲ. ಹೆಂಗಸರ ಮುಖ ನೋಡುತ್ತಾರೆ. ಆಕಾಶದಲ್ಲಿ ನೋಡಲು ಏನೂ ಇರುವುದಿಲ್ಲ. ಬೆಳಗಿ ಬೋರಲು ಹಾಕಿದ ಹಿತ್ತಾಳೆ ಪಾತ್ರೆಯ ಹಾಗೆ ವರ್ಷವಿಡೀ ಖಾಲಿಯಾಗಿ ಹೊಳೆಯುತ್ತಿರುತ್ತದೆ. ಮಳೆಯನ್ನು ನಾನು ಕಂಡದ್ದು ಒಮ್ಮೆ ಮಾತ್ರ, ಪರವೂರಿಗೆ ಮದುವೆಗೆ ಹೋದಾಗ. ಇಲ್ಲಿರುವುದು ಮರಳು. ಬೆಳಿಗ್ಗೆ ಗುಡಿಸಿದ ಅಂಗಳಕ್ಕೆ ಮಧ್ಯಾಹ್ನದೊಳಗೆ ಮತ್ತೆ ಬಂದು ಕೂತಿರುತ್ತದೆ. ಹಾಸಿಗೆ ಕೊಡವಿದರೆ ಮರಳು, ಹಿಟ್ಟು ಜರಡಿ ಹಿಡಿದರೆ ಮರಳು. ಮಗುವನ್ನು ಮುದ್ದಿಸಿದರೆ ಅದರ ಕಿವಿಯ ಹಿಂದೆಯೂ ಒಂದಿಷ್ಟು.

ಊರಿನ ನಟ್ಟನಡುವೆ ದೊಡ್ಡ ರಸ್ತೆ ಹಾದು ಹೋಗಿದೆ. ಎರಡಾಳು ಎತ್ತರದ ಕಾಂಕ್ರೀಟ್ ಗೋಡೆ, ಅದರ ಮೇಲೆ ಎಲ್ಲಿಂದಲೋ ಎಲ್ಲಿಗೋ ಓಡುವ ಲಾರಿಗಳು. ಅವು ಇಲ್ಲಿ ನಿಲ್ಲುವುದಿಲ್ಲ. ಗೋಡೆ ಹತ್ತಿ ಆಚೆ ಇಳಿದವರು ಯಾರೂ ಇಲ್ಲ. ಊರು ಎರಡಾಗಬಾರದೆಂದು ಗೋಡೆಯ ಕೆಳಗೆ ಅಲ್ಲಲ್ಲಿ ಅಂಡರ್‌ಪಾಸು ಕೊರೆದಿದ್ದಾರೆ. ಈಚೆಯ ಬದಿಯಲ್ಲಿ ನಮ್ಮ ಓಣಿ, ಹಿಟ್ಟಿನ ಗಿರಣಿ, ಹೆರಿಗೆ ಆಸ್ಪತ್ರೆ. ಆಚೆಯ ಬದಿಯಲ್ಲಿ ಸಂತೆ, ಶಾಲೆ, ಟ್ಯಾಂಕರುಗಳು ನೀರು ತುಂಬಿಕೊಳ್ಳುವ ದೊಡ್ಡ ಟಾಕಿ. ಅಂಡರ್‌ಪಾಸು ಇಲ್ಲದೆ ಈಚೆಯವರಿಗೆ ನೀರಿಲ್ಲ, ಆಚೆಯವರಿಗೆ ಹೆರಿಗೆಯಿಲ್ಲ ಎಂದು ನಮ್ಮ ನೆರೆಮನೆಯ ಹಲೀಮಾಬಿ ಹೇಳುತ್ತಿರುತ್ತಾಳೆ.

ನೀರು ಬರುವುದು ಸದ್ದಿಲ್ಲದೆ. ನೆಲ ತೇವವಾದಂತೆ ಕಾಣುತ್ತದೆ, ಆಮೇಲೆ ಪಾದ ಮುಳುಗುತ್ತದೆ, ನೋಡನೋಡುತ್ತ ಎದೆಮಟ್ಟ ಆಗುತ್ತದೆ. ಅದು ಯಾರದೋ ಬಾವಿಯ ನೀರು. ನಮ್ಮೂರಿಗೆ ಸೊಸೆಯಂದಿರು ಬರುವುದು ದೂರದೂರದಿಂದ. ಅವರಲ್ಲಿ ಯಾರದೋ ತವರಿನ ಬಾವಿ ಮಗಳನ್ನು ನೆನೆದು ಬಂದಿರುತ್ತದೆ. ಆಗ ಹೆಂಗಸರೆಲ್ಲ ಕೈಯಲ್ಲೊಂದು ಲೋಟ ಹಿಡಿದು ಅಂಡರ್‌ಪಾಸಿನ ಇಳಿಜಾರಿಗೆ ಹೋಗುತ್ತಾರೆ. ಒಬ್ಬೊಬ್ಬಳೇ ಒಂದು ಗುಟುಕು ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚುತ್ತಾಳೆ. ನೀರು ಯಾರದೋ ಅವಳಿಗೆ ತಿಳಿದೇ ತಿಳಿಯುತ್ತದೆ. ಅವಳು ಗಟ್ಟಿಯಾಗಿ ತನ್ನ ಊರು, ಮನೆತನ, ಬಾವಿ, ಹೆತ್ತವಳು, ಎಲ್ಲ ಹೆಸರುಗಳನ್ನೂ ಹೇಳಿದರೆ ನೀರಿಗೆ ಸಮಾಧಾನವಾಗುತ್ತದೆ. ನಾವೆಲ್ಲ ಒಂದೊಂದು ಕೊಡ ತುಂಬಿಕೊಳ್ಳುತ್ತೇವೆ. ದೀಪ ಹಚ್ಚುವ ಹೊತ್ತಿಗೆ ರಸ್ತೆ ಒಣಗಿರುತ್ತದೆ.

ಗಂಡಸರ ನಾಲಗೆಗೆ ಈ ನೀರೆಲ್ಲ ಒಂದೇ. ನನ್ನ ಗಂಡ ಒಮ್ಮೆ ಕುಡಿದು ನೋಡಿ, "ಸಿಮೆಂಟ್ ವಾಸನಿ ಹೊಡೀತೈತಿ" ಎಂದಿದ್ದರು.

ಹಲೀಮಾಬಿಯ ನೀರು ಬಂದ ದಿನ ನನಗೆ ಚೆನ್ನಾಗಿ ನೆನಪಿದೆ. ನಡುವಯಸ್ಸಿನ ಗಟ್ಟಿ ಹೆಂಗಸು, ಬಾಯಿ ಜೋರು. ಒಂದು ಗುಟುಕು ಕುಡಿದವಳೇ ಇಳಿಜಾರಿನ ಮೇಲೆ ಕೂತುಬಿಟ್ಟಳು. "ಯಾ ಅಲ್ಲಾ, ಹುಣಸಿ ಹೂವು ಬಿದ್ದಾವು ಇದರಾಗ" ಎಂದಳು. ನಾವು ಕುಡಿದೆವು. ನಮಗೆ ಹುಣಸೆಯೂ ಇಲ್ಲ, ಹೂವೂ ಇಲ್ಲ, ತಣ್ಣಗಿನ ಸಿಹಿ ನೀರು ಅಷ್ಟೆ. ಅವಳು ಮಾತ್ರ ಒಂದು ವಾರ ಯಾರ ಜೊತೆಗೂ ಜಗಳವಾಡಲಿಲ್ಲ.

ನನ್ನ ನೀರು ಯಾವತ್ತೂ ಬರುವುದಿಲ್ಲ. ನಾನು ಇದೇ ಊರಿನಲ್ಲಿ ಹುಟ್ಟಿ ಇದೇ ಊರಿಗೆ ಸೊಸೆಯಾದವಳು. ತವರುಮನೆ ಎಂದರೆ ಮೂರನೆಯ ಓಣಿ. ಅಲ್ಲೂ ನಲ್ಲಿ, ಇಲ್ಲೂ ನಲ್ಲಿ. ನಮ್ಮಂಥವರನ್ನು 'ನಲ್ಲಿ ಮಕ್ಕಳು' ಎನ್ನುತ್ತಾರೆ. ನಾವು ಲೋಟ ತೆಗೆದುಕೊಂಡು ಹೋಗುವುದಿಲ್ಲ, ಕೊಡ ಹಿಡಿದು ಹಿಂದೆ ನಿಲ್ಲುತ್ತೇವೆ. ಹರೆಯದಲ್ಲಿ ಅದರಿಂದ ನನಗೆ ಸಂಕಟವಾಗುತ್ತಿತ್ತು. ಯಾವ ಊರೂ ನನ್ನನ್ನು ಕಳೆದುಕೊಂಡಿಲ್ಲವಲ್ಲ, ಹಾಗಾದರೆ ನಾನು ಯಾರ ನೆನಪಿನಲ್ಲೂ ಇಲ್ಲವೇ ಎಂದು ಯೋಚಿಸುತ್ತಿದ್ದೆ. ಈಗ ಐವತ್ತರ ಹತ್ತಿರ ಬಂದಿದ್ದೇನೆ. ಕೊಡ ಹಿಡಿದು ನಿಲ್ಲುವುದು ರೂಢಿಯಾಗಿದೆ.

ನಮ್ಮ ಮನೆಗೆ ಇಬ್ಬರು ಸೊಸೆಯಂದಿರು. ಚಿಕ್ಕವಳು ನಾನು, ಅನಸೂಯಾ. ಹಿರಿಯಳು ನನ್ನ ನೆಗೆಣ್ಣಿ ಮಹಾನಂದಾ. ಎಲ್ಲರ ಬಾಯಲ್ಲೂ ಮಾನಕ್ಕ. ನಾನು ಮದುವೆಯಾಗಿ ಬರುವ ಹೊತ್ತಿಗೆ ಮಾನಕ್ಕನಿಗೆ ಈ ಮನೆ ಹಳೆಯದಾಗಿತ್ತು. ನಮ್ಮ ಅತ್ತೆಯ ನಾಲಗೆಯನ್ನು, ಭಾವನ ಕೈಯನ್ನು ನನಗಿಂತ ಮೊದಲು ಅವಳೇ ಉಂಡು ಮುಗಿಸಿದ್ದಳು. ಈಗ ಅವರಿಬ್ಬರೂ ಇಲ್ಲ. ಅಡುಗೆಮನೆ ನಮ್ಮಿಬ್ಬರದೇ. ರೊಟ್ಟಿ ನನ್ನದು, ಸಾರು ಪಲ್ಯ ಅವಳದು. ಅವಳ ಕೈಗೆ ಎಲ್ಲ ಬರುತ್ತಿತ್ತು, ಉಪ್ಪು ಮಾತ್ರ ಬರುತ್ತಿರಲಿಲ್ಲ. ಮಾಡಿದ ಸಾರೆಲ್ಲ ಸಪ್ಪೆ. ಅತ್ತೆ ಬೈದರು, ಭಾವ ತಟ್ಟೆ ಎಸೆದರು, ಆದರೂ ಅವಳ ಬೆರಳು ಹಿಡಿಯುತ್ತಿದ್ದ ಚಿಟಿಕೆ ದೊಡ್ಡದಾಗಲಿಲ್ಲ. ಕಡೆಗೆ ಮನೆಯೇ ಸೋತು, ಊಟಕ್ಕೆ ಕೂರುವಾಗ ನಡುವೆ ಉಪ್ಪಿನ ಬಟ್ಟಲು ಇಡುವುದು ಪದ್ಧತಿಯಾಯಿತು. ಓಣಿಯಲ್ಲೂ ಅದೊಂದು ನಗೆಚಾಟಿಕೆ. ಹಬ್ಬದಲ್ಲಿ ಯಾರ ಮನೆಗಾದರೂ ಪಲ್ಯ ಕಳಿಸಿದರೆ, "ಮಾನಕ್ಕನ ಪಲ್ಲೆ ಬಂತು, ಉಪ್ಪಿನ ಡಬ್ಬಿ ತಗೀರಿ" ಎನ್ನುತ್ತಿದ್ದರು. ಅವಳ ಮಗಳು ಕಸ್ತೂರಿ ಮಾತು ಕಲಿತ ಮೇಲೆ ಊಟಕ್ಕೆ ಕೂತು ಮೊದಲು ಹೇಳುತ್ತಿದ್ದದ್ದೇ "ಉಪ್ಪು" ಎಂದು.

ಆ ಸಲ ನೀರು ಬಂದದ್ದು ಗಿರಣಿಯ ಪಕ್ಕದ ಅಂಡರ್‌ಪಾಸಿಗೆ. ಹೆಂಗಸರೆಲ್ಲ ಹೋದರು. ಮಾನಕ್ಕನೂ ತನ್ನ ಸ್ಟೀಲಿನ ಲೋಟ ಹಿಡಿದು ಹೋದಳು. ನಾನು ಅವಳ ಹಿಂದೆಯೇ ಇದ್ದೆ. ಬಗ್ಗಿ ಲೋಟ ಅದ್ದಿದಳು, ಬಾಯಿಗೆ ಹಾಕಿಕೊಂಡಳು, ಪಕ್ಕಕ್ಕೆ ತಿರುಗಿ ಉಗಿದಳು.

"ನಂದಲ್ಲ" ಎಂದು ಇಳಿಜಾರು ಹತ್ತಿ ಹೊರಟೇಬಿಟ್ಟಳು. ಕಣ್ಣು ಮುಚ್ಚಲಿಲ್ಲ.

"ಉಗಳೂದ್ಯಾಕ್ ಬೇ? ಒಬ್ಬಾಕಿ ತವರಿನ ನೀರದು" ಎಂದು ಹಲೀಮಾಬಿ ಹಿಂದಿನಿಂದ ಕೂಗಿದಳು.

"ಸವಳ ಐತಿ" ಎಂದಳು ಮಾನಕ್ಕ, ತಿರುಗದೆ.

ಹೌದು, ನೀರು ಸವುಳಾಗಿತ್ತು, ನಾಲಗೆಗೆ ಉಪ್ಪುಪ್ಪು. ಯಾರೂ ತನ್ನದು ಎನ್ನಲಿಲ್ಲ. ಮರುದಿನ ಹಾಸಿಗೆ ಹಿಡಿದ ಮುದುಕಿಯರ ಮನೆಗಳಿಗೆ ತಂಬಿಗೆಯಲ್ಲಿ ನೀರು ಒಯ್ದು ತುಟಿಗೆ ಮುಟ್ಟಿಸಿದರು. ಅವರೂ ತಲೆಯಾಡಿಸಿದರು. ಹೊಸದಾಗಿ ಮದುವೆಯಾಗಿ ಬಂದಿದ್ದ ಒಬ್ಬ ಹುಡುಗಿ ಆಸೆಯಿಂದ "ನಂದ ಇರಬೇಕ್ರಿ" ಎಂದಳು; ಎಲ್ಲ ಹೆಸರನ್ನೂ ಹೇಳಿದಳು; ನೀರು ಅಲುಗಲಿಲ್ಲ. ಅವಳು ಮುಖ ಮುಚ್ಚಿಕೊಂಡು ಅತ್ತಳು. ಯಾರೂ ನಗಲಿಲ್ಲ.

ಗುರುತು ಸಿಗದ ನೀರು ಸುಮ್ಮನಿರುವುದಿಲ್ಲ. ತನ್ನವರನ್ನು ಹುಡುಕುತ್ತ ಪಕ್ಕದ ಅಂಡರ್‌ಪಾಸಿಗೂ ನಡೆಯುತ್ತದೆ, ಅಲ್ಲಿಂದ ಅದರಾಚೆಯದಕ್ಕೂ. ಅದರಲ್ಲಿ ಸಾಮಾನು ದಾಟುತ್ತದೆ, ಮನುಷ್ಯರು ದಾಟುವುದಿಲ್ಲ. ಇಳಿದವರು ಎಷ್ಟು ನೆಟ್ಟಗೆ ನಡೆದರೂ ತಾವು ಇಳಿದ ದಡದಲ್ಲೇ ಮೇಲೇಳುತ್ತಾರೆ. ಗಿರಣಿಯ ಮಾನಪ್ಪ ಪ್ರತಿ ಸಲವೂ ಒಮ್ಮೆ ಪ್ರಯತ್ನಿಸುತ್ತಾನೆ. ಪಂಚೆ ಎತ್ತಿ ಕಟ್ಟಿ ಗಂಭೀರವಾಗಿ ನೀರಿಗಿಳಿದು, ಆಚೆ ದಡ ಮುಟ್ಟಿದೆನೆಂದು ತಲೆ ಎತ್ತಿ ನೋಡಿದರೆ ಎದುರಿಗೆ ತನ್ನದೇ ಗಿರಣಿ, ಬಾಗಿಲಲ್ಲಿ ಹಿಟ್ಟಿಗೆ ಕಾದು ನಿಂತ ಹೆಂಗಸರು. "ಬಂದೇನು ಮಾನಪ್ಪಾ, ಪ್ಯಾಟಿಂದ ಏನ್ ತಂದಿ?" ಎಂದು ಅವರು ಕೇಳುತ್ತಾರೆ.

ಒಂದೊಂದಾಗಿ ಎಲ್ಲ ಅಂಡರ್‌ಪಾಸುಗಳೂ ತುಂಬಿದವು. ಶಾಲೆಯ ಮೇಷ್ಟ್ರು ಆಚೆ ಉಳಿದರು, ಮಕ್ಕಳು ಈಚೆ ಉಳಿದವು. ಟ್ಯಾಂಕರು ಬರಲಿಲ್ಲ, ಅದು ತುಂಬಿಸದೆ ಓಣಿಯ ನಲ್ಲಿಗಳೂ ಒಣಗಿದವು. ಟ್ರಕ್ಕಿನ ಟ್ಯೂಬಿಗೆ ಹಲಗೆ ಕಟ್ಟಿ, ಎರಡೂ ಕಡೆ ಹಗ್ಗ ಬಿಟ್ಟು, ಕಾಯಿಪಲ್ಯ, ಔಷಧಿ, ಇಸ್ತ್ರಿ ಮಾಡಿದ ಬಟ್ಟೆಗಳನ್ನು ಆಚೀಚೆ ಎಳೆದುಕೊಳ್ಳತೊಡಗಿದರು. ಬದುಕು ಹೇಗೋ ಹೊಂದಿಕೊಂಡಿತು. ಆದರೆ ನಮ್ಮ ಮನೆಯಲ್ಲಿ ಹೊಂದಿಕೊಳ್ಳಲಾಗದ ಒಂದು ಸಂಗತಿಯಿತ್ತು. ಕಸ್ತೂರಿಯನ್ನು ಆಚೆ ಬದಿಗೆ ಕೊಟ್ಟಿದ್ದೆವು. ಚೊಚ್ಚಲ ಬಸುರಿ, ದಿನ ತುಂಬುತ್ತಿತ್ತು. ಅವಳನ್ನು ಹೆರಿಗೆಗೆ ಕರೆತರಲು ನಾಳೆ ಹೋಗುವುದೆಂದು ನಾವು ಮಾತಾಡಿಕೊಂಡಿದ್ದೆವು, ಅಷ್ಟರಲ್ಲಿ ನೀರು ಬಂತು. ಮಾನಕ್ಕ ಹಳೆಯ ಸೀರೆಗಳನ್ನು ಮೆತ್ತಗೆ ಒಗೆದು ಕೂಸಿಗೆ ಬಟ್ಟೆ ಮಾಡಿಟ್ಟಿದ್ದಳು, ಬಾಣಂತಿಗೆಂದು ನಡುಮನೆಯ ಮಂಚವನ್ನು ಗಾಳಿಯಿಲ್ಲದ ಮೂಲೆಗೆ ಸರಿಸಿದ್ದಳು. ಈಗ ಆ ಮಂಚದ ಮೇಲೆ ಮರಳು ಕೂರುತ್ತಿತ್ತು. ಅವಳು ದಿನವೂ ಒರೆಸುತ್ತಿದ್ದಳು.

ಕುಡಿಯುವ ನೀರು ಮುಗಿದ ಮೇಲೆ, ಹೆಸರಿಲ್ಲದ ನೀರನ್ನು ಬಳಸಬಾರದೆಂಬ ರೂಢಿಯನ್ನು ಓಣಿಯೇ ಮುರಿಯಿತು. ಕಾಯಿಸಿದರೆ ಅಡ್ಡಿಯಿಲ್ಲ ಎಂದರು. ನಾನೂ ಅಂಡರ್‌ಪಾಸಿನಿಂದ ಒಂದು ಕೊಡ ತಂದು ಅಡುಗೆಮನೆಯ ಕಟ್ಟೆಯ ಮೇಲಿಟ್ಟೆ. ಮಾನಕ್ಕ ಕೊಡದ ಕಡೆ ನೋಡಿದಳು, ಬೇಳೆಗೆ ನೀರಿಟ್ಟಳು.

ಅಂದು ಮಧ್ಯಾಹ್ನ ಊಟಕ್ಕೆ ಕೂತ ನನ್ನ ಗಂಡ ಅಭ್ಯಾಸದಂತೆ ಉಪ್ಪಿನ ಬಟ್ಟಲಿಗೆ ಕೈ ಚಾಚಿದರು. ಮೊದಲ ತುತ್ತು ಬಾಯಿಗೆ ಹೋಗಿತ್ತು. ಚಾಚಿದ ಕೈ ಅಲ್ಲೇ ನಿಂತಿತು. ಇನ್ನೊಂದು ತುತ್ತು ತಿಂದರು. ಕೈ ಹಿಂದಕ್ಕೆ ಬಂತು. "ಸಾರು ಛಲೋ ಆಗೇತಿ ಇವತ್ತು" ಎಂದು ಮತ್ತೊಂದು ಸೌಟು ಹಾಕಿಸಿಕೊಂಡರು. ಅದಕ್ಕಿಂತ ಹೆಚ್ಚು ಅವರು ಯೋಚಿಸಲಿಲ್ಲ. ನಾನು ತಿಂದೆ. ಉಪ್ಪು ಸರಿಯಾಗಿತ್ತು. ಒಂದು ಹರಳು ಹೆಚ್ಚಿಲ್ಲ, ಒಂದು ಹರಳು ಕಡಿಮೆಯಿಲ್ಲ. ಅವಳು ಹಾಕಿದ್ದು ಅದೇ ಹಳೆಯ ಚಿಟಿಕೆ, ನಾನು ಪಕ್ಕದಲ್ಲೇ ರೊಟ್ಟಿ ಬಡಿಯುತ್ತ ನೋಡಿದ್ದೆ. ಇಷ್ಟು ವರ್ಷ ಸಪ್ಪೆಯಾಗಿದ್ದದ್ದು ಅವಳ ಕೈಯಲ್ಲ, ನಮ್ಮ ನೀರು. ಅವಳ ಬೆರಳು ಉಪ್ಪಿನ ಅಳತೆ ಕಲಿತದ್ದು ಈ ಸವುಳು ನೀರಿನಲ್ಲಿ.

ಪಾತ್ರೆ ತೊಳೆಯಲು ಕೂತಾಗ ಹೇಳಿದೆ. "ಅಕ್ಕಾ, ನೀರು ನಿಂದು."

ಅವಳು ಬೂದಿ ಹಚ್ಚುತ್ತಲೇ ಇದ್ದಳು. "ಯಾರ್ ಹೇಳಿದ್ರು?"

"ಯಾರೂ ಹೇಳಿಲ್ಲ. ಉಂಡೆ."

ಅವಳು ಇನ್ನೊಂದು ತಟ್ಟೆ ಎಳೆದುಕೊಂಡಳು. ಆಮೇಲೆ ಅವಳೇ ಮಾತಾಡಿದಳು. ದನಿ ಎಷ್ಟು ಸಹಜವಾಗಿತ್ತೆಂದರೆ ಅಕ್ಕಿ ಆರಿಸುತ್ತ ಯಾರದೋ ಮನೆಯ ಸುದ್ದಿ ಹೇಳಿದಂತಿತ್ತು.

"ಲಗ್ನ ಆದ ವರ್ಷ ಒಮ್ಮೆ ಓಡಿ ಹೋಗಿದ್ದೆ. ಯಾಕ ಅಂತ ನೀ ಕೇಳಬ್ಯಾಡ, ಈ ಮನ್ಯಾಗ ನೀನೂ ಬಾಳೇ ಮಾಡೀದಿ. ನಮ್ಮೂರಾಗ ಬಸ್ ಇಳದು ಹಿತ್ತಲ ಕಡಿಂದ ಹೋದೆ. ಅವ್ವ ಬಾವಿ ಕಟ್ಟಿ ಮ್ಯಾಲ ನೀರು ಸೇದಾಕತ್ತಿದ್ಲು. ನನ್ನ ಮಾರಿ ನೋಡಿದ್ಲು. ತುಟಿ ಒಡದಿತ್ತು, ನೋಡಿದ್ಲು ಅದನ್ನ. ಏನಂದ್ಲು ಗೊತ್ತೇನು? ನೀರು ಕುಡಿ ಅಂದ್ಲು. ಒಂದು ತಂಬಿಗಿ ತುಂಬಿ ಕೊಟ್ಲು. ಅಲ್ಲೇ ನಿಂತು ಕುಡದೆ. ಆಮ್ಯಾಲ, ಬಸ್ಸು ಇನ್ನ ತಿರಗಿರಂಗಿಲ್ಲ, ಲಗೂನ ಹೋಗು ಅಂದ್ಲು. ಹಿತ್ತಲ ಬಾಗಿಲ ತಗದ ಇತ್ತು, ಅನಸೂ. ಒಳಗ ನನ್ನ ತಂಗೀದು ಹಾಡು ಕೇಳತಿತ್ತು. ಒಳಗ ಬಾ ಅನ್ನಲಿಲ್ಲ."

"ಆಮ್ಯಾಲ ಹೋಗಲೇ ಇಲ್ಲೇನು?"

"ಆಕಿ ಸತ್ತಾಗೂ ಹೋಗಲಿಲ್ಲ. ಈಗ ಇದು ಬಂದೈತಿ." ಅವಳು ತೊಳೆದ ತಟ್ಟೆಯನ್ನು ಗೋಡೆಗೆ ಒರಗಿಸಿದಳು. "ನಿಲ್ಲಲಿ. ಹೊರಗ ನಿಂತು ನೋಡ್ಲಿ, ಹೆಂಗ ಅನಸತೈತಿ ಅಂತ."

"ಅಕ್ಕಾ, ಕಸ್ತೂರಿ..."

"ಅಳಿಯಾಗ ಹೇಳೀನಿ, ಅಲ್ಲೇ ಒಬ್ಬ ಸೂಲಗಿತ್ತೀನ ನೋಡು ಅಂತ." ತೊಳೆದಿಟ್ಟ ತಟ್ಟೆಯನ್ನೇ ಎತ್ತಿ ಮತ್ತೆ ಬೂದಿ ಹಚ್ಚಿದಳು. "ನಿನಗ ತಿಳಿಯಂಗಿಲ್ಲ ಬಿಡು. ನೀ ನಲ್ಲಿ ನೀರಿನ ಮಗಳು. ತಿರುವಿದಾಗ ಬರತೈತಿ, ತಿರುವಿದಾಗ ನಿಲ್ಲತೈತಿ."

ನನಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ನಲ್ಲಿಯ ಮಗಳಾಗಿಯೇ ನಾನು ಅವಳ ಪಕ್ಕದಲ್ಲಿ ಕೂತು ಉಳಿದ ಪಾತ್ರೆಗಳನ್ನು ಒರೆಸಿದೆ. ಊರಿಗೆ ಹೋಗಿ ಹೇಳಬಹುದಿತ್ತು. ಆದರೆ ಹೆಸರು ಅವಳ ಬಾಯಿಂದಲೇ ಬರಬೇಕು, ಇನ್ನೊಬ್ಬರು ಹೇಳಿದ್ದನ್ನು ನೀರು ಕೇಳುವುದಿಲ್ಲ. ಅದಕ್ಕಿಂತ ಹೆಚ್ಚಾಗಿ, ಒಡೆದ ತುಟಿಗೆ ತಂಬಿಗೆ ಹಚ್ಚಿ ನಿಂತ ಆ ಹುಡುಗಿಯನ್ನು ಓಣಿಯ ಹೆಂಗಸರ ನಡುವೆ ತಂದು ನಿಲ್ಲಿಸಲು ನನಗೆ ಮನಸ್ಸಾಗಲಿಲ್ಲ.

ಎರಡು ದಿನ ಕಳೆದಿರಬೇಕು, ಅಳಿಯ ಆಚೆ ದಡದಿಂದ ಕೂಗಿ ಹೇಳಿದ. ಕಸ್ತೂರಿಗೆ ಏನೂ ಸೇರುತ್ತಿಲ್ಲ, ಕಾಲು ಬಾತಿವೆ, ಸೂಲಗಿತ್ತಿ ಮುಟ್ಟಿ ನೋಡಿ ಇದು ನನ್ನ ಕೈಲಾಗುವುದಲ್ಲ, ಆಸ್ಪತ್ರೆಗೇ ಹೋಗಬೇಕು ಎಂದಿದ್ದಾಳೆ. ಬಸುರಿ ಬಾಯಿಬಿಟ್ಟು ಕೇಳಿದ್ದು ಒಂದೇ, ಅವ್ವ ಮಾಡಿದ ಬೇಳೆಸಾರು. ಮಾನಕ್ಕ ತುಟಿ ಬಿಗಿದುಕೊಂಡು ಎಲ್ಲ ಕೇಳಿದಳು. ಮನೆಗೆ ಬಂದು ಸಾರು ಮಾಡಿದಳು. ಡಬ್ಬಿಗೆ ತುಂಬಿ, ಬಿಸಿ ಆರದಂತೆ ಟವೆಲ್ ಸುತ್ತಿದಳು. ಯಾವಾಗಲೂ ಜೊತೆಗೆ ಇಡುತ್ತಿದ್ದ ಉಪ್ಪಿನ ಪೊಟ್ಟಣವನ್ನು ಈ ಸಲ ಇಡಲಿಲ್ಲ. ಅದು ಮರೆವೋ ಮತ್ತೇನೋ, ನಾನು ಇವತ್ತಿನವರೆಗೂ ಕೇಳಿಲ್ಲ.

ನಾವು ಗಿರಣಿಯ ಅಂಡರ್‌ಪಾಸಿಗೆ ಹೋದೆವು. ಬಿಸಿಲು ಇಳಿಜಾರಿನವರೆಗೆ ಬಂದು ಅಲ್ಲೇ ನಿಂತಿತ್ತು. ಒಳಗೆ ನೀರು ಕದಲದೆ ಹಸಿರಾಗಿ ಬಿದ್ದುಕೊಂಡಿತ್ತು, ಮೇಲೆ ಹೋಗುವ ಲಾರಿಗಳ ಸದ್ದು ಅದರೊಳಗಿಂದ ಬಂದಂತೆ ಕೇಳುತ್ತಿತ್ತು. ಟ್ಯೂಬಿನ ಹಲಗೆಯ ಮೇಲೆ ಡಬ್ಬಿ ಇಟ್ಟೆವು. ಆಚೆಯವರು ಹಗ್ಗ ಎಳೆದರು. ಆಚೆ ದಡದಲ್ಲಿ ಕಸ್ತೂರಿ ಕುರ್ಚಿಯ ಮೇಲೆ ಕೂತಿದ್ದಳು, ಪಕ್ಕದಲ್ಲಿ ಅವಳ ಅತ್ತೆ ಕೊಡೆ ಹಿಡಿದು ನಿಂತಿದ್ದರು. ಈಚೆ ಹಲೀಮಾಬಿ, ನೀರಿಗೆ ಬಂದ ಹತ್ತಾರು ಹೆಂಗಸರು, ಗಿರಣಿಯ ಬಾಗಿಲಲ್ಲಿ ಮಾನಪ್ಪ.

ಕಸ್ತೂರಿ ಡಬ್ಬಿಯ ಮುಚ್ಚಳದಲ್ಲೇ ಸಾರು ಬಗ್ಗಿಸಿಕೊಂಡು ಕುಡಿದಳು. ಮತ್ತೆ ಬಗ್ಗಿಸಿಕೊಂಡಳು. ಆಮೇಲೆ ಅಂಡರ್‌ಪಾಸಿನ ಗೋಡೆಗಳೆಲ್ಲ ಮರುದನಿ ಕೊಡುವಂತೆ ಕೂಗಿದಳು: "ಚಿಗವ್ವಾ, ಅಡಗಿ ನೀ ಮಾಡಿಯೇನು?"

"ಇಲ್ಲವಾ, ನಿಮ್ಮವ್ವ" ಎಂದೆ.

"ಸುಳ್ಳು ಹೇಳಬ್ಯಾಡ. ಉಪ್ಪು ಸರಿ ಐತಿ!"

ಸರಿ ಐತಿ, ಸರಿ ಐತಿ ಎಂದು ಗೋಡೆಗಳು ಹೇಳಿದವು. ಮೊದಲು ಯಾರೋ ಕಿಸಕ್ಕನೆ ನಕ್ಕರು. ಆ ನಗು ನಡುವೆಯೇ ಕಡಿಯಿತು. ಹೆಂಗಸರು ತಮ್ಮ ಕೊಡಗಳನ್ನು ನೋಡಿಕೊಂಡರು, ನೀರನ್ನು ನೋಡಿದರು, ಆಮೇಲೆ ಒಬ್ಬೊಬ್ಬರಾಗಿ ಮಾನಕ್ಕನ ಕಡೆ ತಿರುಗಿದರು. ನಾನು ಉಂಡು ತಿಳಿದದ್ದನ್ನು ಅವರೆಲ್ಲ ನಿಂತಲ್ಲೇ ತಿಳಿದಿದ್ದರು. ಮಾನಪ್ಪ ಮಾತ್ರ, "ಯಾಕ, ಏನಾತು?" ಎನ್ನುತ್ತಿದ್ದ.

"ಒಂದೊಂದ್ ದಿನ ಉಪ್ಪು ಹೆಚ್ಚಿಗಿ ಬೀಳತೈತಿ" ಎಂದಳು ಮಾನಕ್ಕ.

ಹಲೀಮಾಬಿ ಬಂದು ಅವಳೆದುರು ನಿಂತಳು. ಈ ಸಲ ದನಿ ಜೋರಿರಲಿಲ್ಲ. "ಮಾನಕ್ಕಾ, ನಾವು ಯಾರೂ ಕೇಳಂಗಿಲ್ಲ. ಯಾರ ತವರು ಹೆಂಗೋ, ಯಾರ ಬಾವಿ ಎಷ್ಟು ಆಳಾನೋ. ಆದ್ರ ಮಗಳ ಕಾಲು ನೋಡು."

ಆಚೆ ದಡದಲ್ಲಿ ಕಸ್ತೂರಿ ಎದ್ದು ನಿಂತಿದ್ದಳು. ಅವಳಿಗೂ ತಿಳಿದಿತ್ತು. ತಾಯಿಯ ಊರನ್ನು ಅವಳು ಕಂಡವಳಲ್ಲ. ಅಜ್ಜಿಯ ಹೆಸರೂ ನಮ್ಮ ಮನೆಯಲ್ಲಿ ಯಾರ ಬಾಯಲ್ಲೂ ಬಂದದ್ದಿಲ್ಲ. "ಯವ್ವಾ, ಇದು ನಿನ್ನ ನೀರೇನು?" ಎಂದು ಕೇಳಿದಳು. ಮಾನಕ್ಕ ಮುಖ ಪಕ್ಕಕ್ಕೆ ತಿರುಗಿಸಿದಳು. "ಹೇಳಾಕ ಮನಸ್ಸಿಲ್ಲ ಅಂದ್ರ ಬ್ಯಾಡ. ನಾನ ಬರ್ತೀನಿ." ಅತ್ತೆ ತಡೆಯುವಷ್ಟರಲ್ಲಿ ಅವಳು ನೀರಿಗೆ ಇಳಿದಿದ್ದಳು.

ಹೊಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಬಂದಳು. ಅರ್ಧದವರೆಗೂ ನಮ್ಮ ಕಡೆಗೇ ಬರುತ್ತಿದ್ದಳು, ಮುಖದ ಬೆವರು ಕಾಣುವಷ್ಟು ಹತ್ತಿರ. ನಾನು ಕೈ ಚಾಚಿದೆ. ಆಮೇಲೆ ಎಲ್ಲಿ ತಿರುಗಿದಳೆಂದು ಯಾರಿಗೂ ತಿಳಿಯಲಿಲ್ಲ, ಆಚೆ ದಡದಲ್ಲಿ, ತನ್ನದೇ ಕುರ್ಚಿಯ ಪಕ್ಕದಲ್ಲಿ ಮೇಲೆದ್ದಳು. ಒಂದು ಕ್ಷಣ ಸುತ್ತಲೂ ನೋಡಿದಳು. ಮತ್ತೆ ಇಳಿದಳು. ಮತ್ತೆ ಅಲ್ಲೇ ಎದ್ದಳು. ಅಳಿಯ ರಟ್ಟೆ ಹಿಡಿದ. ಅವಳು ಕೊಡವಿಕೊಂಡಳು.

"ಕಸ್ತೂರಿ, ಬ್ಯಾಡ! ಕೂಸಿಗೆ ಏನರ ಆದೀತು!" ಮಾನಕ್ಕ ಕೂಗಿದಳು.

"ನಿನಗ ನಿನ್ನ ತವರು ಬ್ಯಾಡಾಗಿರಬೇಕು" ಎಂದಳು ಕಸ್ತೂರಿ, ಏದುಸಿರು ಬಿಡುತ್ತ, ಮತ್ತೆ ನೀರಿನಲ್ಲಿ ನಿಂತು. "ನನಗ ನನ್ನ ತವರು ಬೇಕು."

ಮಾನಕ್ಕ ಅಲ್ಲಾಡಲಿಲ್ಲ. ನಾನು ಅವಳ ಪಕ್ಕದಲ್ಲೇ ಇದ್ದೆ. ಅವಳು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಆಮೇಲೆ ಚಪ್ಪಲಿಯನ್ನೂ ಕಳಚದೆ ಇಳಿಜಾರು ಇಳಿದು ಹೋದಳು. ಮೊಣಕಾಲಿನವರೆಗೆ, ಸೊಂಟದವರೆಗೆ. ಸೀರೆಯ ನಿರಿಗೆ ನೀರಿನ ಮೇಲೆ ಅರಳಿತು. ಬೊಗಸೆ ತುಂಬ ನೀರು ತೆಗೆದು ಕುಡಿದಳು. ಈ ಸಲ ಕಣ್ಣು ಮುಚ್ಚಿದಳು.

"ಗೊಬ್ಬಳದಿನ್ನಿ" ಎಂದಳು.

ಎಲ್ಲೋ ಆಳದಲ್ಲಿ ಯಾರೋ ನಿಟ್ಟುಸಿರು ಬಿಟ್ಟಂತಾಯಿತು. ಗೋಡೆಯ ಮೇಲಿದ್ದ ತೇವದ ಗೆರೆ ಒಂದು ಗೇಣು ಕೆಳಗಿಳಿಯಿತು.

"ಗಾಣಿಗೇರ ಮನಿ. ಎರಡು ಅಂಕಣದ್ದು, ಮುಂದ ಬೇವಿನ ಗಿಡ." ನೀರು ಅವಳ ಸೊಂಟದಿಂದ ಇಳಿಯಿತು. ಆಚೆಯಿಂದ ಕಸ್ತೂರಿ ನಡೆದು ಬರುತ್ತಿದ್ದಳು. ಈಚೆಯಿಂದ ಇವಳು ನಡೆಯುತ್ತ ಹೇಳುತ್ತ ಹೋದಳು. ನಮಗಲ್ಲ, ಯಾರಿಗೋ ದಾರಿ ಹೇಳುವಂತೆ. "ಹಿತ್ತಲಾಗ ಬಾವಿ. ನೀರು ಸವಳು. ಬ್ಯಾಳಿ ಕುದಿಯಂಗಿಲ್ಲ ಲಗೂನ, ಸಬಕಾರ ನೊರಿ ಬರಂಗಿಲ್ಲ. ಹಗ್ಗಾ ಜಗ್ಗೂ ಕಲ್ಲಿನ ಮ್ಯಾಲ ಕಚ್ಚು ಬಿದ್ದಾವು, ನಾ ನಾಕು ಬೆರಳ ಇಟ್ರ ನಾಕೂ ಕೂಡ್ರತಾವು. ಒಳಗಿನ ಸಂದ್ಯಾಗ ಪಾರಿವಾಳ ಇದ್ವು. ಕೊಡ ಬಿಟ್ರ ಹಾರತಿದ್ವು." ಮೊಣಕಾಲು. ಮೊಣಕಾಲ ಕೆಳಗೆ. "ಅಪ್ಪ ಸಂಗನಬಸಪ್ಪ. ತಂಗಿ ಶಾಂತವ್ವ, ಆಕಿ ಹಾಡತಿದ್ಲು."

ತಾಯಿ ಮಗಳು ನಡುವೆ ಒಬ್ಬರನ್ನೊಬ್ಬರು ಮುಟ್ಟಿದರು. ಕಸ್ತೂರಿ ತಾಯಿಯ ಹೆಗಲಿಗೆ ತಲೆಯಿಟ್ಟಳು. ನೀರು ಈಗ ಅವರ ಪಾದದ ಮೇಲಿತ್ತು. ಎರಡೂ ದಡದಲ್ಲಿ ನಾವೆಲ್ಲ ಕಾಯುತ್ತಿದ್ದೆವು. ಒಂದು ಹೆಸರು ಉಳಿದಿತ್ತು, ಅದು ಎಲ್ಲರಿಗೂ ಗೊತ್ತಿತ್ತು. ಹೆತ್ತವಳ ಹೆಸರು ಹೇಳಿದಾಗಲೇ ನೀರು ಪೂರ್ತಿ ಹೋಗುವುದು.

ಮಾನಕ್ಕ ಬಾಯಿ ತೆರೆದಳು. ಬಹಳ ಹೊತ್ತು ಹಾಗೇ ನಿಂತಳು. ನೀರೂ ನಿಂತಿತ್ತು, ಕಿವಿಗೊಟ್ಟಂತೆ. ಆಮೇಲೆ ಅವಳು ಬಾಯಿ ಮುಚ್ಚಿ, ಮಗಳ ಸೊಂಟಕ್ಕೆ ಕೈ ಹಾಕಿ, "ಜಾರತೈತಿ, ಸಾವಕಾಶ" ಎನ್ನುತ್ತ ನಮ್ಮ ಕಡೆ ನಡೆಸಿಕೊಂಡು ಬಂದಳು. ಹಲೀಮಾಬಿ ಏನೋ ಹೇಳಲು ಹೊರಟಳು. ನಾನು ಅವಳ ಕೈ ಹಿಡಿದೆ.

ಕಸ್ತೂರಿಯ ಹೆರಿಗೆ ಆಸ್ಪತ್ರೆಯಲ್ಲೇ ಆಯಿತು. ಹೆಣ್ಣುಮಗು, ತಾಯಿ ಮಗಳಿಬ್ಬರೂ ಗಟ್ಟಿ. ನಡುಮನೆಯ ಮಂಚದ ಮೇಲೆ ಬಾಣಂತನ ಮುಗಿಸಿ, ಕೂಸಿನ ಕಿವಿಯ ಹಿಂದಿನ ಮರಳು ಒರೆಸಿಸಿಕೊಂಡು, ಅವಳು ಗಂಡನ ಮನೆಗೆ ಹೋದಳು. ಬೇರೆ ಅಂಡರ್‌ಪಾಸುಗಳೆಲ್ಲ ಮಾನಕ್ಕ ನೀರಿಗಿಳಿದ ಸಂಜೆಯೇ ಒಣಗಿದ್ದವು. ಗಿರಣಿಯ ಪಕ್ಕದ್ದು ಮಾತ್ರ ಒಣಗಲಿಲ್ಲ. ಪಾದ ಮುಳುಗುವಷ್ಟು ನೀರು ಅಲ್ಲಿ ಈಗಲೂ ಇದೆ, ಆದರೆ ದಾಟುವವರನ್ನು ಅದು ತಿರುಗಿಸುವುದಿಲ್ಲ. ಜನ ಹೊಂದಿಕೊಂಡಿದ್ದಾರೆ. ಸೈಕಲ್ಲಿನವರು ಕಾಲೆತ್ತಿಕೊಂಡು ಹೋಗುತ್ತಾರೆ, ಶಾಲೆಯ ಮಕ್ಕಳು ಬೂಟನ್ನು ಕೊರಳಿಗೆ ಕಟ್ಟಿಕೊಂಡು ದಾಟುತ್ತವೆ, ಟ್ಯಾಂಕರಿನ ಚಾಲಕರು ಅಲ್ಲಿ ನಿಧಾನ ಮಾಡುತ್ತಾರೆ. ಬೈಯುವವರಿದ್ದಾರೆ. ಆದರೆ ಮಾನಕ್ಕನ ಎದುರು ಯಾರೂ ಆ ಮಾತು ಎತ್ತುವುದಿಲ್ಲ.

ಮೊಮ್ಮಗಳನ್ನು ನೋಡಲು ಅವಳು ಆಗಾಗ ಆಚೆಗೆ ಹೋಗುತ್ತಾಳೆ. ಒಣಗಿದ ಅಂಡರ್‌ಪಾಸುಗಳು ಬೇರೆ ಇವೆ, ಒಂದಂತೂ ಹತ್ತಿರವೇ ಇದೆ. ಅವಳು ಹೋಗುವುದು ಗಿರಣಿಯ ದಾರಿಯಲ್ಲೇ. ಒಮ್ಮೆ ನಾನೂ ಜೊತೆಗಿದ್ದೆ. ಹೊರಗೆ ಬೆಂಕಿಯಂಥ ಬಿಸಿಲು. ಒಳಗೆ ಕಾಲಿಟ್ಟರೆ ಪಾದದಿಂದ ತಲೆಯವರೆಗೆ ತಂಪು ಏರಿತು. ನಾನು ಸೀರೆ ಎತ್ತಿಕೊಂಡು ಬೇಗ ದಾಟಿ ಆಚೆ ಇಳಿಜಾರಿನಲ್ಲಿ ನಿಂತೆ. ತಿರುಗಿ ನೋಡಿದರೆ ಅವಳು ಇನ್ನೂ ನಡುವೆಯೇ ಇದ್ದಳು. ತಲೆ ಬಗ್ಗಿಸಿ ನೀರನ್ನು ನೋಡುತ್ತಿದ್ದಳು. ತುಟಿಗಳು ಅಲುಗಿದಂತೆ ಕಂಡವು.

"ಅಕ್ಕಾ, ಬರ್ತೀಯೇನು?" ಎಂದೆ.

"ನೀ ನಡಿ" ಎಂದಳು. "ಇನ್ನೊಂದೀಟು ನಿಂತು ಬರ್ತೀನಿ."